ಬಿದಿರು ಬಿಲ್ಲಿಗೆ ತೊಗಲಿನ ಹಿಡಿ: ಕರಾವಳಿಯ ಮಳೆಗಾಲಕ್ಕೆ ತಾಳುವ ಹಾಗೆ

ಬಿಲ್ಲು ಅಕ್ಕನ ಮಗಳದ್ದು. 64 ಇಂಚು ಉದ್ದ, 28 ಇಂಚು ಎಳೆದರೆ 30 ಪೌಂಡ್ ಬಿಗಿ. ತೋಳು ಎರಡೂ ಬಿದಿರಿನವು. ನಡುವಿನ ಹಿಡಿ ಹೊನ್ನೆ ಮರದ್ದು. ಯಲ್ಲಾಪುರದ ಕಡೆಯ ಗೆಳೆಯರೊಬ್ಬರು ಪ್ರೀತಿಯಿಂದ ಮಾಡಿಕೊಟ್ಟಿದ್ದು. ಶಿರಸಿಯಲ್ಲಿ ಇರುವಷ್ಟು ದಿನ ಬರಿ ಮರದ ಹಿಡಿಯಲ್ಲೇ ಅವಳ ಅಭ್ಯಾಸ ಚೆನ್ನಾಗಿ ನಡೆದಿತ್ತು. ಓದಲಿಕ್ಕೆ ಕಾರವಾರಕ್ಕೆ ಹೋದ ಮೇಲೆ ಫೋನು ಬಂತು. "ಮಾವ, ಬೆವ್ರಿಗೆ ಕೈ ಜಾರ್ತು. ಎಷ್ಟು ಗಟ್ಟಿ ಹಿಡ್ಕಂಡ್ರೂ ಬಾಣ ಬಿಡೂ ಹೊತ್ತಿಗೆ ತಿರುಗ್ತು."

ಅವಳು ಹೇಳಿದ್ದು ಸರಿಯಾಗೇ ಇತ್ತು. ಘಟ್ಟದ ಮೇಲೆ ಬೆವರು ಬಂದರೂ ಆರುತ್ತದೆ. ಕರಾವಳಿಯಲ್ಲಿ ಅದು ಅಂಗೈಯಲ್ಲೇ ಕೂತಿರುತ್ತದೆ. ಪಾಲಿಶ್ ಹೊಡೆದ ನುಣುಪು ಮರದ ಮೇಲೆ ಒದ್ದೆ ಅಂಗೈ ಇಟ್ಟರೆ ಹಿಡಿ ಸ್ವಲ್ಪ ಸ್ವಲ್ಪವೇ ತಿರುಗುತ್ತದೆ. ಎರಡು ಮೂರು ಡಿಗ್ರಿ ತಿರುಗಿದರೂ ಸಾಕು, ಹೆದೆ ಬಿಲ್ಲಿನ ನಡುಗೆರೆಗೆ ನೇರವಾಗಿ ಬರುವುದಿಲ್ಲ. ಬಾಣ ಬಿಡುವಾಗಲೇ ಓರೆಯಾಗಿರುತ್ತದೆ. ಅವಳು ಬ್ಯಾಡ್ಮಿಂಟನ್ ರ‍್ಯಾಕೆಟ್ಟಿಗೆ ಸುತ್ತುವ ಟೇಪು ಸುತ್ತಿ ನೋಡಿದ್ದಳು. ಸೆಕೆಗೆ ಟೇಪಿನ ಅಂಟು ಕರಗಿ ಹಿಡಿಯೆಲ್ಲ ಜಿಗಿಜಿಗಿ.

ತೊಗಲಿನ ಹಿಡಿ ಚೆಂದ ಕಾಣುತ್ತದೆ, ನಿಜ. ಆದರೆ ಅದರ ಕೆಲಸ ಒಂದೇ. ಕೈ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಕೂರಬೇಕು, ಕೂತ ಮೇಲೆ ಅಲ್ಲಾಡಬಾರದು. ಹಿಡಿ ಮೆತ್ತಗಿರಲಿ ಅಂತ ಕೆಲವರು ಒಳಗೆ ಸ್ಪಂಜು ಇಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಸ್ಪಂಜು ಒತ್ತಿದಷ್ಟೂ ಒಳಗೆ ಹೋಗುತ್ತದೆ, ಒಂದೊಂದು ಸಲ ಒಂದೊಂದು ಥರ. ಮರದ ಮೈಗೆ ಬಿಗಿಯಾಗಿ ಕೂತ ತೆಳು ತೊಗಲೇ ಸರಿ.

ಶುರು ಮಾಡುವ ಮೊದಲೇ ಇನ್ನೊಂದು ವಿಷಯ ಗಟ್ಟಿ ಮಾಡಿಕೊಂಡಿದ್ದೆ. ತೊಗಲನ್ನು ಮರಕ್ಕೆ ಅಂಟಿಸಬಾರದು, ಹೊಲಿಯಬೇಕು ಅಷ್ಟೇ. ಬಿಲ್ಲಿನ ಹಿಡಿಗೆ ಅಂಟು ಹಚ್ಚಿಯೇ ತೊಗಲು ಹಾಕುವವರು ಬಹಳ ಜನ. ಒಣ ಊರಲ್ಲಿ ಅದಕ್ಕೇನೂ ತೊಂದರೆಯಿಲ್ಲ. ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಡೆಯುವ ಮಳೆಯಲ್ಲಿ ಗೋಡೆಗೇ ಬೂಸ್ಟು ಬರುತ್ತದೆ. ಗಾಳಿಯ ತೇವ ನೂರಕ್ಕೆ 70 ದಾಟಿದರೆ ತೊಗಲಿನ ಮೇಲೆ ಬೂಸ್ಟು ಏಳಲು ಅಷ್ಟೇ ಸಾಕು. ಅಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಜಾಸ್ತಿ ಇರುತ್ತದೆ. ಅದರ ಜೊತೆ ಉಪ್ಪು ಬೆವರು ಬೇರೆ. ಅಂಟಿಸಿದ ತೊಗಲಿನ ಒಳಗೆ ಏನು ನಡೆಯುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ. ಬಿದಿರಿಗೆ ಕುಟ್ಟೆ ಹುಳ ಹಿಡಿಯುವ ಭಯವೂ ಇದೆ. ತೋಳು ಬಂದು ಹಿಡಿಗೆ ಸೇರುವ ಜಾಗದಲ್ಲೇ ತೊಗಲು ಮುಚ್ಚಿಕೊಂಡರೆ, ಪುಡಿ ಉದುರಿದರೂ ಗೊತ್ತಾಗದು. ಹೊಲಿದದ್ದಾದರೆ ದಾರ ಕತ್ತರಿಸಿ ಬಿಚ್ಚಿ, ಒರೆಸಿ, ಒಣಗಿಸಿ, ಅದೇ ತೂತುಗಳಲ್ಲಿ ಮತ್ತೆ ಹೊಲಿಯಬಹುದು.

ಹಾಗಾದರೆ ಅಂಟಿಲ್ಲದೆ ತೊಗಲು ಜಾರುವುದಿಲ್ಲವೇ? ಇಲ್ಲ. ಒದ್ದೆ ಇದ್ದಾಗ ಹಿಗ್ಗಿಸಿ ಹೊಲಿದ ತೊಗಲು ಒಣಗುವಾಗ ಬಿಗಿದುಕೊಳ್ಳುತ್ತದೆ. ಹಿಡಿಯ ನಡು ಸಣ್ಣ, ಮೇಲೆ ಕೆಳಗೆ ದಪ್ಪ. ಹೀಗಾಗಿ ಅದು ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು.

ಆದರೆ ಎಲ್ಲ ತೊಗಲೂ ಹೀಗೆ ಮಾತು ಕೇಳುವುದಿಲ್ಲ. ಶಿರಸಿ ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿದ್ದಾರೆ, ಹಾವೇರಿ ಕಡೆಯವರು. ನಾನು ತೆಗೆದುಕೊಂಡು ಹೋಗಿದ್ದ ಎರಡು ತುಂಡನ್ನೂ ತಿರುಗಿಸಿ ನೋಡಿದರು. "ಮ್ಯಾಲಿನ ಬಣ್ಣ ನೋಡಬ್ಯಾಡ್ರಿ ಸರ. ಕೊಯ್ದ ಅಂಚು ನೋಡ್ರಿ. ಒಳಗ ನೀಲಿ ಐತಿ ಅಂದ್ರ ಕೆಮಿಕಲ್ ತೊಗಲು. ಅದು ನೀರು ಕುಡಿಯೂದಿಲ್ಲ, ಹೇಳಿದಂಗ ಕೂಡೂದಿಲ್ಲ." ಅವರು ಹೇಳಿದ ಕೆಮಿಕಲ್ ಅಂದರೆ ಕ್ರೋಮಿಯಂ ಉಪ್ಪು. ಅದರಲ್ಲಿ ಹದ ಮಾಡಿದ ತೊಗಲು ಬ್ಯಾಗು, ಶೂಗಳಿಗೆ ಒಳ್ಳೆಯದು. ಆದರೆ ಒದ್ದೆ ಮಾಡಿ ಒತ್ತಿದ ಆಕಾರ ಅದರಲ್ಲಿ ನಿಲ್ಲುವುದಿಲ್ಲ. ನಮಗೆ ಬೇಕಾದ್ದು ತೊಗಟೆ, ಕಾಯಿಗಳ ಚೊಗರಿನಲ್ಲಿ ಹದ ಮಾಡಿದ್ದು. ಕೊಯ್ದರೆ ಈ ಅಂಚಿನಿಂದ ಆ ಅಂಚಿನ ತನಕ ಒಂದೇ ಕಂದು ಬಣ್ಣ. ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಬಳಸುವುದು ಇದೇ ಜಾತಿಯ ತೊಗಲು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ, ಅಂದರೆ ಭೌಗೋಳಿಕ ಸೂಚಕ, ಮಾನ್ಯತೆಯಲ್ಲಿ ಮಹಾರಾಷ್ಟ್ರದ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅಥಣಿಯಿಂದ ತರಿಸಿದ ಆಡಿನ ತೊಗಲು, 1.5 ಮಿ.ಮೀ. ದಪ್ಪದ್ದು, ನನ್ನ ಹತ್ತಿರ ಇತ್ತು. ಎಮ್ಮೆ ತೊಗಲು ಅಟ್ಟೆಗೆ ಸರಿ, ಹಿಡಿಗೆ ದಪ್ಪವಾಯಿತು.

ಅವಳಿಗೆ ಬಣ್ಣದ ಆಸೆ. "ಕೆಂಪು ಹಾಕ್ತ್ಯ ಮಾವ?" ಅಂತ ಕೇಳಿದಳು. ಹಾಕಲಿಲ್ಲ. ಬೆವರಿಗೆ ಬಣ್ಣ ಬಿಟ್ಟು ಅಂಗೈಗೆ ಹತ್ತುತ್ತದೆ. ಈ ತೊಗಲು ಕೈ ತಾಗಿದ ಹಾಗೆಲ್ಲ ತಾನೇ ಕಡು ಕಂದು ಆಗುತ್ತದೆ. ಆ ಬಣ್ಣಕ್ಕೆ ಯಾವ ಡಬ್ಬಿಯ ಬಣ್ಣವೂ ಸಮ ಅಲ್ಲ.

ಕೆಲಸ ಶುರು ಮಾಡಿದ್ದು ಮರದಿಂದ. ಹೊನ್ನೆ ಮರ ನೀರಿಗೆ ಬಣ್ಣ ಬಿಡುತ್ತದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರು ಇದ್ದಾರಲ್ಲ, ಆ ನೀರು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಒದ್ದೆ ತೊಗಲು ಸುತ್ತಿದರೂ ಅದೇ ಆಗುತ್ತದೆ, ತೊಗಲಿನ ತುಂಬ ಕಲೆ. ಅದಕ್ಕೆ ಹೆದೆ ಇಳಿಸಿ, ಟೇಪಿನ ಅಂಟನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಮರ ಚೆನ್ನಾಗಿ ಆರಿದ ಮೇಲೆ 220 ನಂಬರ್ ಪಾಲಿಶ್ ಪೇಪರಿನಿಂದ ಹಗುರಾಗಿ ಉಜ್ಜಿದೆ. ಅದರ ಮೇಲೆ ಶೆಲ್ಯಾಕ್, ಅಂದರೆ ಬಡಗಿಗಳು ಬಳಸುವ ಅರಗಿನ ಪಾಲಿಶ್, ತೆಳುವಾಗಿ ಮೂರು ಕೈ. ಒಂದು ಕೈ ಒಣಗಿದ ಮೇಲೇ ಇನ್ನೊಂದು. ಮಳೆಗಾಲದಲ್ಲಿ ಹೊಡೆದರೆ ಅರಗು ಬೆಳ್ಳಗಾಗುತ್ತದೆ. ಬೇಸಿಗೆಯಲ್ಲೇ ಮುಗಿಸಬೇಕಾದ ಕೆಲಸ ಇದು.

ಆಮೇಲೆ ಬಾಣ ಕೂರುವ ಚಿಕ್ಕ ಕಟ್ಟೆ. ಈ ಬಿಲ್ಲಿಗೆ ಅದು ಇರಲಿಲ್ಲ, ಬಾಣ ನೇರವಾಗಿ ಎಡಗೈಯ ತೋರುಬೆರಳಿನ ಗೆಣ್ಣಿನ ಮೇಲೆ ಕೂರುತ್ತಿತ್ತು. ಗರಿಯ ಬುಡ ಬೆರಳಿಗೆ ಗೀರಿ ಗಾಯ ಮಾಡುತ್ತದೆ. ಬೆವರಿನ ಕೈ ಸ್ವಲ್ಪ ಕೆಳಗೆ ಜಾರಿದರೆ ಬಾಣದ ಎತ್ತರವೂ ಬದಲು. ಅಟ್ಟೆ ತೊಗಲಿನ ಚೂರುಗಳನ್ನು ಮೂರು ಪದರ ಜೋಡಿಸಿ ಬೆಣೆಯ ಆಕಾರಕ್ಕೆ ಕೆತ್ತಿದೆ. ಮೇಲುಗಡೆ 9 ಮಿ.ಮೀ. ಹೊರಗೆ ಚಾಚಿರುತ್ತದೆ, ಕೆಳಗೆ ಬರುತ್ತಾ ಮರದ ಮೈಗೆ ಸೇರಿ ಮಾಯವಾಗುತ್ತದೆ. ಮೇಲ್ಮೈ ಚಪ್ಪಟೆ ಇರಬಾರದು, ನಡುವೆ ಸ್ವಲ್ಪ ಉಬ್ಬಿರಬೇಕು. ಆಗ ಬಾಣ ಒಂದೇ ಕಡೆ ತಾಗುತ್ತದೆ, ಗರಿ ಉಜ್ಜುವುದು ಕಡಿಮೆ. ಈ ಬೆಣೆಯನ್ನು ಚಪ್ಪಲಿಯ ಹಳದಿ ಅಂಟಿನಿಂದಲೇ ಮರಕ್ಕೆ ಕೂರಿಸಿದ್ದು. ಅದಿಲ್ಲದೆ ಬೆಣೆ ನಿಲ್ಲುವುದಿಲ್ಲ. ಬೆಣೆಯಷ್ಟಗಲ ಪಾಲಿಶ್ ಕೆರೆದು, ಎರಡೂ ಮೈಗೆ ಅಂಟು ಹಚ್ಚಿ, ಕೈಗೆ ಹತ್ತದಷ್ಟು ಆರಿಸಿ, ಆಮೇಲೆ ಒತ್ತಬೇಕು.

ಅಳತೆಗೆ ಸುಮ್ನೆ ಕಾಗದ ಸುತ್ತಿದರೆ ಆಗುವುದಿಲ್ಲ. ಹಿಡಿ ಕೊಳವೆಯ ಹಾಗೆ ನೆಟ್ಟಗಿಲ್ಲವಲ್ಲ. ಹಿಡಿಗೆ ಮೊದಲು ತೆಳು ಪ್ಲಾಸ್ಟಿಕ್ ಸುತ್ತಿದೆ. ಅದರ ಮೇಲೆ ಪೇಂಟರ್‌ಗಳು ಬಳಸುವ ಕಾಗದದ ಟೇಪನ್ನು, ಬೆಣೆಯೂ ಸೇರಿದ ಹಾಗೆ, ಎರಡು ಪದರ ಅಂಟಿಸಿದೆ. ಹೊಲಿಗೆ ಎಲ್ಲಿ ಬರಬೇಕೋ ಅಲ್ಲಿ ಪೆನ್ಸಿಲಿನಿಂದ ಉದ್ದ ಗೆರೆ. ಗೆರೆಯ ಮೇಲೆ ಬ್ಲೇಡು ಎಳೆದು ಬಿಚ್ಚಿದರೆ ಇಡೀ ಚಿಪ್ಪು ಕೈಗೆ ಬರುತ್ತದೆ. ಅದನ್ನು ಮೇಜಿನ ಮೇಲೆ ಒತ್ತಿ ಬಿಡಿಸಿದರೆ ಅದೇ ನಮೂನೆ. ನೋಡಿದರೆ ಎರಡೂ ಅಂಚು ಒಳಕ್ಕೆ ಬಾಗಿರುತ್ತವೆ. ಈ ಬಾಗು ಕಣ್ಣಂದಾಜಿಗೆ ಸಿಗುವಂಥದ್ದಲ್ಲ.

ಹೊಲಿಗೆಯ ಜಾಗದ ಬಗ್ಗೆ ಒಂದು ಮಾತು. ಅವಳು ಬಲಗೈಯವಳು, ಬಿಲ್ಲು ಎಡಗೈಯಲ್ಲಿ. ಬಾಣ ಹೋಗುವುದು ಹಿಡಿಯ ಎಡಬದಿಯಿಂದ. ಅಂಗೈ ಒತ್ತುವುದು ತನ್ನ ಕಡೆಯ ಮುಖಕ್ಕೆ. ಈ ಎರಡೂ ಕಡೆ ಹೊಲಿಗೆ ಬರಬಾರದು. ಗುರಿಯ ಕಡೆಯ ಮುಖದಲ್ಲಿ, ನಡುವಿನಿಂದ ತುಸು ಬಲಕ್ಕೆ ಹೊಲಿಗೆ ಹಾಕಿದೆ. ಅಲ್ಲಿ ಬೆರಳು ಸುಮ್ಮನೆ ಸುತ್ತಿಕೊಂಡಿರುತ್ತವೆ, ಭಾರ ಬೀಳುವುದಿಲ್ಲ.

ಹಿಡಿಯ ಸುತ್ತಳತೆ ನಡುವಿನಲ್ಲಿ 98 ಮಿ.ಮೀ. ಇತ್ತು. ತೊಗಲನ್ನು ಎಲ್ಲ ಕಡೆಯೂ ಅದಕ್ಕಿಂತ 5 ಮಿ.ಮೀ. ಕಡಿಮೆ ಕತ್ತರಿಸಿದೆ, ಒಂದೊಂದು ಅಂಚಿಗೆ ಎರಡೂವರೆ. ಆ ಐದು ಮಿಲಿಮೀಟರನ್ನು ಒದ್ದೆ ತೊಗಲು ಹಿಗ್ಗಿ ತುಂಬುತ್ತದೆ. ದಿಕ್ಕನ್ನೂ ನೋಡಬೇಕು. ಪ್ರಾಣಿಯ ಬೆನ್ನೆಲುಬಿನ ಉದ್ದಕ್ಕೆ ತೊಗಲು ಕಡಿಮೆ ಹಿಗ್ಗುತ್ತದೆ, ಅಡ್ಡಕ್ಕೆ ಜಾಸ್ತಿ. ಕಡಿಮೆ ಹಿಗ್ಗುವ ದಿಕ್ಕು ಹಿಡಿಯ ಸುತ್ತ ಬರುವ ಹಾಗೆ ಇಟ್ಟರೆ ವರ್ಷ ಕಳೆದರೂ ಸಡಿಲವಾಗುವುದಿಲ್ಲ. ಮೇಲಿನ ಮತ್ತು ಕೆಳಗಿನ ಅಂಚನ್ನು ರಂಪಿಗೆಯಿಂದ, ಅಂದರೆ ಚಪ್ಪಲಿ ಹೊಲಿಯುವವರ ಅಗಲ ಕತ್ತಿಯಿಂದ, ಒಳಮೈ ಕಡೆ ಕೆರೆದು ಅರ್ಧ ದಪ್ಪಕ್ಕೆ ತಂದೆ. ಅಂಚು ಎದ್ದು ನಿಂತರೆ ಕೈಗೆ ತಾಗಿ ತಾಗಿ ಏಳುತ್ತದೆ.

ತೂತು ಅಂಚಿನಿಂದ 4 ಮಿ.ಮೀ. ಒಳಗೆ, ಒಂದಕ್ಕೊಂದು 6 ಮಿ.ಮೀ. ದೂರ. ಎರಡೂ ಅಂಚಿಗೆ ಒಂದೇ ಸಂಖ್ಯೆಯ ತೂತು ಇರಲೇಬೇಕು, ನನಗೆ ಹದಿನೆಂಟು ಬಂತು. ಎಲ್ಲವನ್ನೂ ತೊಗಲು ಒಣಗಿದ್ದಾಗಲೇ ಹೊಡೆದು ಮುಗಿಸಿದೆ. ಇದಕ್ಕೆ ಕಾರಣ ಇದೆ. ತೊಗಲಿನಲ್ಲಿರುವ ಚೊಗರಿಗೆ ಕಬ್ಬಿಣ ಮತ್ತು ನೀರು ಸಿಕ್ಕರೆ ಕಪ್ಪಾಗುತ್ತದೆ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು, ಹಾಕಿ ಕಪ್ಪು ಶಾಯಿ ಮಾಡುವುದು ಹಳೆಯ ಪದ್ಧತಿ. ಅದೇ ಶಾಯಿ ಇಲ್ಲಿ ತನ್ನಷ್ಟಕ್ಕೆ ತಯಾರಾಗುತ್ತದೆ. ಒದ್ದೆ ತೊಗಲಿಗೆ ತುಕ್ಕಿನ ಆರಿ (ತೂತು ಹೊಡೆಯುವ ಮೊನೆ) ಚುಚ್ಚಿದರೆ ಪ್ರತಿ ತೂತಿನ ಸುತ್ತ ಸಾಸಿವೆಯಷ್ಟು ಕಪ್ಪು ಉಂಗುರ ಮೂಡುತ್ತದೆ. ಹಳೆಯ ರಿಪೇರಿ ಚಪ್ಪಲಿಗಳಲ್ಲಿ ಅದನ್ನು ನೋಡಬಹುದು. ಎಳೆಯ ಕಲೆ ಲಿಂಬೆ ರಸಕ್ಕೆ ಹೋಗುತ್ತದೆ, ಹಳತಾದರೆ ಹೋಗುವುದು ಕಷ್ಟ. ಹಾಗಾಗಿ ಒದ್ದೆ ಮಾಡಿದ ಮೇಲೆ ತುಕ್ಕು ಹಿಡಿಯದ ಸ್ಟೀಲ್ ಸೂಜಿ, ಹಿತ್ತಾಳೆ ಕಡ್ಡಿ, ಮರದ ಸೌಟು ಇಷ್ಟೇ. ನೀರು ತೆಗೆದುಕೊಂಡದ್ದೂ ಪ್ಲಾಸ್ಟಿಕ್ ಬೋಗುಣಿಯಲ್ಲಿ.

ಉಗುರುಬೆಚ್ಚಗಿನ ನೀರಿಗೆ ತೊಗಲು ಹಾಕಿದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತ ಕೂಡಲೇ ತೆಗೆದು ಹತ್ತಿಯ ಬಟ್ಟೆಯಲ್ಲಿ ಸುತ್ತಿ ಅರ್ಧ ತಾಸು ಇಡಬೇಕು. ಬಟ್ಟೆ ಬಿಚ್ಚುವ ಹೊತ್ತಿಗೆ ಮೇಲಿನ ಬಣ್ಣ ಮತ್ತೆ ತಿಳಿಯಾಗುತ್ತಾ ಬಂದಿರುತ್ತದೆ, ಆದರೆ ಕೆನ್ನೆಗೆ ತಾಗಿಸಿದರೆ ತಣ್ಣಗೆ ಇರುತ್ತದೆ. ಉಗುರು ಒತ್ತಿದರೆ ಗುರುತು ಹಾಗೇ ಉಳಿಯುತ್ತದೆ. ಇದೇ ಹೊಲಿಯುವ ಹದ. ನೀರು ತೊಟ್ಟಿಕ್ಕುವಾಗ ಹೊಲಿದರೆ ದಾರ ತೊಗಲನ್ನು ಕೊಯ್ಯುತ್ತದೆ.

ದಾರ 0.8 ಮಿ.ಮೀ. ದಪ್ಪದ ಪಾಲಿಯೆಸ್ಟರ್ ಹೆಣಿಗೆಯದು. ನಾರಿನ ದಾರ ನೋಡಲು ಇನ್ನೂ ಚೆಂದ, ಆದರೆ ಕರಾವಳಿಯ ತೇವಕ್ಕೆ ಕೊಳೆಯುತ್ತದೆ. ಒಂದು ಮೀಟರ್ ಸಾಕು. ಅದಕ್ಕೆ ತುಡುವೆ ಜೇನಿನ ಮೇಣ ತಿಕ್ಕಿದೆ. ನಮ್ಮ ಕಡೆ ಜೇನು ಸಾಕುವವರ ಮನೆಯಲ್ಲಿ ಕೇಳಿದರೆ ಮೇಣದ ಉಂಡೆ ಸಿಗುತ್ತದೆ. ದಾರದ ಎರಡೂ ತುದಿಗೆ ಒಂದೊಂದು ಮೊಂಡು ಸೂಜಿ. ಮೇಲಿನ ಮೊದಲ ಜೋಡಿ ತೂತಿನಲ್ಲಿ ಎರಡೂ ಸೂಜಿಯನ್ನು ಒಳಗಿನಿಂದ ಹೊರಕ್ಕೆ ಎಳೆದು ದಾರ ಸಮ ಮಾಡಿಕೊಂಡೆ. ಇನ್ನು ಎಡಗಡೆಯ ದಾರ ಅಂಚುಗಳ ನಡುವಿನ ಸಂದಿಗೆ ಇಳಿದು, ಬಲಗಡೆಯ ಮುಂದಿನ ತೂತಿನಲ್ಲಿ ಒಳಗಿನಿಂದ ಹೊರಬರಬೇಕು. ಬಲಗಡೆಯದು ಹಾಗೆಯೇ ಎಡಕ್ಕೆ. ಪ್ರತಿ ಸಲವೂ ಎಡಗಡೆಯದೇ ಮೊದಲು. ಒಂದು ಕಡೆ ಕ್ರಮ ತಪ್ಪಿದರೂ ಅಲ್ಲಿ ಕಣ್ಣಿಗೆ ಹೊಡೆಯುತ್ತದೆ. ಸರಿಯಾಗಿ ಬಂದರೆ ಮುಗಿದ ಹೊಲಿಗೆ ಬಿಗಿಯಾಗಿ ಹೆಣೆದ ಜಡೆಯ ಹಾಗೆ ಇರುತ್ತದೆ.

ಮೊದಲ ಸುತ್ತಿಗೇ ಬಿಗಿಯಬಾರದು. ಮೇಲಿನಿಂದ ಕೆಳಗಿನ ತನಕ ಸಡಿಲವಾಗಿ ಹೆಣೆದು, ಬೆಣೆಯ ಸುತ್ತ ತೊಗಲನ್ನು ಸೌಟಿನ ಬೆನ್ನಿನಿಂದ ಒತ್ತಿ ಕೂರಿಸಿ, ಆಮೇಲೆ ಹಿತ್ತಾಳೆ ಕಡ್ಡಿಯಿಂದ ಒಂದೊಂದೇ ಹೊಲಿಗೆ ಎತ್ತಿ ಎಳೆಯುತ್ತಾ ಇಳಿಯಬೇಕು. ಐದು ಮಿಲಿಮೀಟರ್ ಸಂದಿ ಮುಚ್ಚುತ್ತಾ ಬರುವುದನ್ನು ನೋಡುವುದು ನನಗೆ ಇಡೀ ಕೆಲಸದಲ್ಲೇ ಇಷ್ಟವಾದ ಭಾಗ. ಅಂಚಿಗೆ ಅಂಚು ಮುಟ್ಟಬೇಕು, ಒಂದರ ಮೇಲೊಂದು ಏರಬಾರದು. ಕೊನೆಯಲ್ಲಿ ಎರಡೂ ದಾರವನ್ನು ತೊಗಲಿನ ಒಳಗೆ ಗಂಟು ಹಾಕಿ, ತುದಿಯನ್ನು ಮೂರು ಹೊಲಿಗೆಯಷ್ಟು ಹಿಂದಕ್ಕೆ ತೂರಿಸಿ ಕತ್ತರಿಸಿದೆ. ಹೊಲಿಗೆಯನ್ನು ಸೌಟಿನಿಂದ ಉಜ್ಜಿದರೆ ಉಬ್ಬು ಇಳಿಯುತ್ತದೆ.

ಒಣಗಿಸಲು ನೆರಳು, ಗಾಳಿ, ತಾಳ್ಮೆ. ಮಲೆನಾಡಿನ ಮನೆಯಲ್ಲಿ ಏನೇ ಒದ್ದೆಯಾದರೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ರೂಢಿ. ತೊಗಲಿಗೆ ಅದು ಬೇಡ. ಒದ್ದೆ ತೊಗಲಿಗೆ 70, 80 ಡಿಗ್ರಿ ಕಾವು ತಾಗಿದರೆ ಮುದುರಿ ಮರಗಟ್ಟುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಬಿಲ್ಲಿನ ಬಿದಿರಿಗೂ ಆ ಕಾವು ಒಳ್ಳೆಯದಲ್ಲ. ಒಣಗುವ ತನಕ ಹೆದೆ ಏರಿಸಲಿಲ್ಲ.

ಮೇಲೆ ಹಚ್ಚುವುದಕ್ಕೆ ಮುರುಗಲು ತುಪ್ಪ, ಅಂದರೆ ಕೋಕಂ ಬೀಜದ ಕೊಬ್ಬು, ಎರಡು ಪಾಲು, ಜೇನುಮೇಣ ಒಂದು ಪಾಲು. ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿದೆ. ಮೇಣ ಕರಗುವುದು 62ರಿಂದ 64 ಡಿಗ್ರಿಗೆ, ಮುರುಗಲು ತುಪ್ಪ 40ರ ಆಸುಪಾಸು. ಕೊಬ್ಬರಿ ಎಣ್ಣೆಗಿಂತ ನನಗೆ ಇದೇ ಮೆಚ್ಚುಗೆ. ಕೊಬ್ಬರಿ ಎಣ್ಣೆ ಕಾರವಾರದ ಸೆಕೆಗೆ ಯಾವಾಗಲೂ ನೀರೇ, ತೊಗಲು ಜಾಸ್ತಿ ಕುಡಿದು ಸಡಿಲಾಗುತ್ತದೆ. ಮುರುಗಲು ತುಪ್ಪ ಕೋಣೆಯ ಕಾವಿಗೆ ಗಟ್ಟಿಯೇ ಇರುತ್ತದೆ. ಬೆರಳಿನಿಂದ ತೆಳುವಾಗಿ ತಿಕ್ಕಿ, ಉಳಿದದ್ದನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆದೆ. ಮೇಲೆ ಜಿಡ್ಡು ಉಳಿದರೆ ಹಿಡಿ ಹಾಕಿದ ಉದ್ದೇಶವೇ ಹಾಳು.

ಹೆದೆ ಏರಿಸಿದ ಮೇಲೆ ಎರಡು ಕಡೆ ತಿದ್ದುಪಡಿ ಬೇಕಾಯಿತು. ಹಿಂದೆ ಬಾಣ ಕೂರುತ್ತಿದ್ದ ಬೆರಳಿಗಿಂತ ಈಗಿನ ಕಟ್ಟೆ 4 ಮಿ.ಮೀ. ಎತ್ತರ. ಹೆದೆಯ ಮೇಲೆ ಬಾಣ ಸಿಕ್ಕಿಸುವ ಜಾಗದ ದಾರದ ಗಂಟನ್ನೂ ಅಷ್ಟೇ ಮೇಲಕ್ಕೆ ಕಟ್ಟಿದೆ. ಇಲ್ಲದಿದ್ದರೆ ಬಾಣದ ಹಿಂಭಾಗ ತಗ್ಗಾಗಿ ಕಟ್ಟೆಗೆ ಬಡಿಯುತ್ತದೆ. ಇನ್ನೊಂದು, ಬಾಣ ಉಜ್ಜುವ ಎಡಬದಿ. ಅಲ್ಲಿ ದಪ್ಪ ತೊಗಲು ಬಂದರೆ ಬಾಣ ಬಿಲ್ಲಿನ ನಡುವಿನಿಂದ ಇನ್ನೂ ದೂರ ಸರಿಯುತ್ತದೆ, ಗುರಿ ಎಡಕ್ಕೆ ಹೋಗುತ್ತದೆ. ಅದಕ್ಕೇ ಸುತ್ತಿದ ತೊಗಲನ್ನು ಕಟ್ಟೆಯ ಮಟ್ಟಕ್ಕೇ ನಿಲ್ಲಿಸಿದ್ದೆ. ಅದರ ಮೇಲೆ ಬಾಣ ತಾಗುವಲ್ಲಿ 0.8 ಮಿ.ಮೀ.ಗೆ ಕೆರೆದ ಹೆಬ್ಬೆರಳಿನಗಲದ ತುಂಡೊಂದನ್ನು ಅಂಟಿಸಿದೆ. ಮರ ಸವೆಯುವುದೂ ತಪ್ಪಿತು. ಹೆದೆಗೂ ಹಿಡಿಗೂ ಇರುವ ಅಂತರ, ಅಂದರೆ ಮುಷ್ಟಿ ಕಟ್ಟಿ ಹೆಬ್ಬೆರಳು ಎತ್ತಿದಷ್ಟು, ಆರೂವರೆ ಇಂಚು ಇತ್ತು. ಅದನ್ನು ಮುಟ್ಟಲಿಲ್ಲ.

ಇದು ಹಿಡಿ ಬಾಗದ ಬಿಲ್ಲು. ಹಿಡಿಯೂ ಸೇರಿ ಬಾಗುವ ಬಿಲ್ಲಾದರೆ ತೊಗಲು ಇನ್ನೂ ತೆಳು ಇರಲಿ. ಇಲ್ಲದಿದ್ದರೆ ಎಳೆದಾಗಲೆಲ್ಲ ಕಿರುಗುಟ್ಟುತ್ತದೆ.

ಕಾರವಾರದಿಂದ ಬಂದ ಮೊದಲ ಸುದ್ದಿ ಬಾಣದ್ದಲ್ಲ, ಬೂಸ್ಟಿನದು. ಹಿಡಿಯ ಮೇಲೆ ಬಿಳಿ ಪುಡಿ ಕಂಡಿದೆ ಅಂತ ಫೋಟೊ ಕಳಿಸಿ ಗಾಬರಿಯಾಗಿದ್ದಳು. ಅಂಗೈಯಿಂದ ಬೆಚ್ಚಗೆ ಒತ್ತಿ ಹಿಡಿದು ನೋಡು ಅಂದೆ. ಕಾವಿಗೆ ಮಾಯವಾಯಿತು. ಅದು ತುಪ್ಪದ ಕೊಬ್ಬು ತಂಪಿಗೆ ಮೇಲೆ ಬಂದದ್ದು, ಒರೆಸಿದರೆ ಆಯಿತು. ಬೂಸ್ಟಾದರೆ ಕಾವಿಗೆ ಹೋಗುವುದಿಲ್ಲ, ಹತ್ತಿಯ ಹಾಗೆ ಎಳೆ ಎಳೆಯಾಗಿರುತ್ತದೆ, ಮೂಗಿಗೂ ಗೊತ್ತಾಗುತ್ತದೆ. ಬಂದರೆ ಒಣ ಬಟ್ಟೆಯಲ್ಲಿ ಹೊರಗೆ ಒರೆಸಿ ಗಾಳಿಗಿಡಬೇಕು. ಆಡಿ ಮುಗಿಸಿದ ಕೂಡಲೇ ಬಿಲ್ಲನ್ನು ಚೀಲಕ್ಕೆ ತುರುಕಬಾರದು. ಒದ್ದೆ ಬಟ್ಟೆಯಲ್ಲಿ ಬೆವರಿನ ಉಪ್ಪು ಒರೆಸಿ, ಫ್ಯಾನಿನ ಕೆಳಗೆ ಆರಿಸಿ, ಹೆದೆ ಇಳಿಸಿ ಗೋಡೆಗೆ ತಾಗದ ಹಾಗೆ ಅಡ್ಡ ಗೂಟದ ಮೇಲಿಡಬೇಕು. ದೀಪಾವಳಿಗೆ ಅವಳು ಶಿರಸಿಗೆ ಬಂದಾಗ ಹೊಲಿಗೆ ಬಿಚ್ಚಿ ಒಳಗೆ ನೋಡುತ್ತೇವೆ. ಮತ್ತೆ ಹೊಲಿಯಲು ಅದೇ ದಾರ ಇನ್ನೊಂದು ಮೀಟರ್ ಕತ್ತರಿಸಿ ಮೇಣ ಹಚ್ಚಿ ಇಟ್ಟಿದ್ದೇನೆ. ಈ ಸಲ ಹೊಲಿಯುವುದು ಅವಳೇ.